ಹೆಬ್ಬೆರಳಿನ ಒಪ್ಪಿಗೆ

2025ರ ನವೆಂಬರ್ 14, ಶುಕ್ರವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಭೋಸರಿ ಕೈಗಾರಿಕಾ ಪ್ರದೇಶದ ಪೊಲೀಸ್ ಠಾಣೆಗೆ ತ್ರಿವೇಣಿ ಹೊಂಬಳ ಎಂಬ ಐವತ್ತಾರು ವರ್ಷದ ಹೆಣ್ಣುಮಗಳು ದೂರು ತಂದರು. ಅವರ ಗಂಡ ಫಕೀರಪ್ಪ ಹೊಂಬಳ ತೀರಿಕೊಂಡು ಮೂರು ದಿನವಾಗಿತ್ತು. ಜೊತೆಗೆ ಬಂದವರು ಫಕೀರಪ್ಪನವರ ವರ್ಕ್‌ಶಾಪಿನ ಹಿರಿಯ ಗುಮಾಸ್ತ ಶಿವಪ್ರಕಾಶ ಯಲಿಗಾರ. ದೂರು ಬರೆದವರೂ ಅವರೇ. ಮರಾಠಿ, ದುಂಡನೆಯ ಅಕ್ಷರ, ಎಡಗಡೆ ಒಂದೇ ಅಳತೆಯ ಅಂಚು.

ಹವಾಲ್ದಾರ ಭುಜಂಗ ಶಿತೋಳೆ ಓದುತ್ತ ಹೋಗಿ ಎರಡನೆಯ ಪ್ಯಾರಾದಲ್ಲಿ ನಿಂತ.

"ಏಜೆಂಟನು ನಲವತ್ತೊಂದು ಲಕ್ಷ ರೂಪಾಯಿ ಲಪಟಾಯಿಸಿದ್ದಾನೆ ಎಂದು ಬರೆದಿದ್ದೀರಿ. ಏಜೆಂಟನ ಹೆಸರು, ವಿಳಾಸ?"

"ಅದು ಮನುಷ್ಯ ಅಲ್ಲ. ಕಂಪ್ಯೂಟರ್ ಪ್ರೋಗ್ರಾಮ್," ಎಂದರು ಶಿವಪ್ರಕಾಶ.

ಭುಜಂಗ ಪೆನ್ನು ಕೆಳಗಿಟ್ಟು ಇಬ್ಬರನ್ನೂ ಇನ್ಸ್‌ಪೆಕ್ಟರ್ ಮಧ್ವೇಶ ಗಲಗಲಿಯವರ ಕೋಣೆಗೆ ಕರೆದೊಯ್ದ. ಗಲಗಲಿಯವರ ಅಜ್ಜ ರೈಲ್ವೆ ನೌಕರಿಗೆಂದು ಪುಣೆಗೆ ಬಂದವರು. ಠಾಣೆಯಲ್ಲೆಲ್ಲ ಮರಾಠಿ ನಡೆದರೂ ಮನೆಯಲ್ಲಿ ಇನ್ನೂ ವಿಜಾಪುರದ ಕನ್ನಡವೇ. ತ್ರಿವೇಣಿಯವರ ಅಡ್ಡಹೆಸರು ನೋಡಿ ಅವರು ಕನ್ನಡಕ್ಕೆ ಹೊರಳಿದರು.

"ಕೂಡ್ರಿ ಅಕ್ಕಾರ. ಏನಾತು ಹೇಳ್ರಿ."

"ನನಗ ಇದರಾಗ ಭಾಳ ತಿಳಿಯಂಗಿಲ್ರಿ. ದುಬೈದಾಗಿನ ಗಿರಾಕಿ ಡಿಜಿಟಲ್ ಡಾಲರ್ ಕಳಸ್ತಿದ್ದ. ಅದರಾಗಿಂದ ಮಾಲು ಕೊಡಾವ್ರಿಗೆ ರೊಕ್ಕ ಕಳಸಾಕ ಇವರು ಆ ಏಜೆಂಟ್ ಮಾಡಿಸಿದ್ರು. ನಿನ್ನೆ ಅದನ್ನ ಮಾಡಿಕೊಟ್ಟ ಹುಡುಗ ಫೋನ್ ಮಾಡಿ, ಆಂಟಿ, ಖಾತೆ ಖಾಲಿ ಅದ ಅಂದ."

"ಮೊದಲು ರೊಕ್ಕ ಯಾರು ಕೊಡ್ತಿದ್ರು?"

"ಈ ಶಿವಪ್ರಕಾಶವರ. ಇಪ್ಪತ್ತಾರು ವರ್ಷ ಚೆಕ್ ಮ್ಯಾಲೆ ಇವರ ಸಹಿನ ನಡೀತಿತ್ತು. ಜೂನ್‌ದಾಗ ಬಂದ್ ಆತು."

ಶಿವಪ್ರಕಾಶ ಮೇಜಿನ ಮೇಲಿದ್ದ ತಮ್ಮ ದೂರನ್ನೇ ನೋಡುತ್ತಿದ್ದರು.

"ನೀವೇನಂತೀರಿ ಯಲಿಗಾರ್?"

"ಯಂತ್ರದ ಕೈಯಾಗ ರೊಕ್ಕ ಕೊಡಬ್ಯಾಡ್ರಿ ಅಂತ ನಾ ಹೇಳಿದ್ದೆರಿ. ಕೇಳಲಿಲ್ಲ."

"ಮಂಗಳವಾರ ನೀವು ಎಷ್ಟಕ್ಕ ಹೊಂಟ್ರಿ?"

"ಆರೂವರಿಗೆ. ಮಾಲಕರು ಒಬ್ಬರ ಇದ್ರು."

ಹನ್ನೊಂದು ಗಂಟೆಗೆ ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಾಯಿತು. ದುಬೈಯ ಗಿರಾಕಿ ಹಾಗೆ ಹಣ ಕೊಡುವುದು ಕಾನೂನಿಗೆ ಎಷ್ಟು ಸರಿ ಎಂಬುದು ಬೇರೆ ಇಲಾಖೆಯ ಪ್ರಶ್ನೆ ಎಂದು ಗಲಗಲಿ ಅಂಚಿನಲ್ಲಿ ಒಂದು ಟಿಪ್ಪಣಿ ಹಾಕಿದರು. ಆಮೇಲೆ ಫಕೀರಪ್ಪನವರ ಆಕಸ್ಮಿಕ ಸಾವಿನ ಕಡತ ತರಿಸಿದರು.

ಕಡತ ತೆಳ್ಳಗಿತ್ತು. ಮೃತನ ವಯಸ್ಸು ಅರವತ್ತೊಂದು, ಮಧುಮೇಹಿ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದವರು. ಹೆಂಡತಿ ತಂಗಿಯ ಮನೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದರಿಂದ ಮಂಗಳವಾರ ವರ್ಕ್‌ಶಾಪಿನ ಆಫೀಸಿನಲ್ಲೇ ಉಳಿದಿದ್ದರು. ಬುಧವಾರ ಬೆಳಿಗ್ಗೆ ಎಂಟು ಹತ್ತಕ್ಕೆ ಕಸ ಗುಡಿಸುವ ಗಂಗೂಬಾಯಿ ಬಾಗಿಲು ತೆರೆದಾಗ ಕುರ್ಚಿಯಲ್ಲೇ ತಲೆ ಹಿಂದಕ್ಕೆ ವಾಲಿ ಸತ್ತಿದ್ದರು. ಗಾಯವಿಲ್ಲ. ಬಾಗಿಲು ಮುರಿದಿಲ್ಲ. ಪಂಚನಾಮೆಯಲ್ಲಿ ಒಂದು ಸಾಲು: 'ಮೃತನ ಅಂಗಿಯ ಕಾಲರಿನಲ್ಲಿ ಹಾಗೂ ಮೇಜಿನ ಅಂಚಿನಲ್ಲಿ ಇರುವೆಗಳು ಕಂಡುಬಂದವು.' ಶವಪರೀಕ್ಷೆಯ ಮೊದಲ ಟಿಪ್ಪಣಿಯಲ್ಲಿ ಶ್ವಾಸನಾಳದಲ್ಲಿ ದ್ರವವಿತ್ತು, ಮಾದರಿ ಪ್ರಯೋಗಾಲಯಕ್ಕೆ ಕಳಿಸಿದೆ, ಸಾವಿನ ಕಾರಣ ಕಾಯ್ದಿರಿಸಿದೆ ಎಂದಿತ್ತು. ಸ್ಥಳಕ್ಕೆ ಹೋಗಿದ್ದ ಸಬ್ ಇನ್ಸ್‌ಪೆಕ್ಟರ್, ಮನುಷ್ಯ ಒಬ್ಬನೇ ಇದ್ದಾಗ ವಾಂತಿಯಾಗಿ ಉಸಿರು ಕಟ್ಟಿರಬೇಕು ಎಂದು ಬರೆದಿದ್ದ. ದೇಹವನ್ನು ಬುಧವಾರ ಸಂಜೆಯೇ ಮಣ್ಣು ಮಾಡಿದ್ದರು.

ಮಧ್ಯಾಹ್ನ ಎರಡಕ್ಕೆ ಪ್ರೋಗ್ರಾಮ್ ಮಾಡಿದ ಹುಡುಗ ಬಂದ. ಅಭಿಲಾಷ, ವಯಸ್ಸು ಇಪ್ಪತ್ತೇಳು, ತುಮಕೂರಿನವನು, ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ. ಹೊರಗಿನ ಇಂಥ ಕೆಲಸವನ್ನು ಬಿಡುವಿನಲ್ಲಿ ಮಾಡುತ್ತಿದ್ದ. ಸೈಬರ್ ವಿಭಾಗದ ಕಾನ್‌ಸ್ಟೇಬಲ್ ನೀತಾ ಗವಾಣೆ ಅವನ ಲ್ಯಾಪ್‌ಟಾಪಿನ ಪಕ್ಕ ಕುಳಿತಳು.

"ನಿನ್ನ ಏಜೆಂಟ್ ದುಡ್ಡು ತಿಂದದ ಅಂತ ದೂರು."

"ಸರ್, ಅದು ತಿನ್ನಕ್ಕೆ ಆಗಲ್ಲ. ಪರ್ಮಿಷನ್ ಇಲ್ಲ ಅದಕ್ಕೆ."

"ಬಿಡಿಸಿ ಹೇಳು."

"ಖಾತೆ ಫಕೀರಪ್ಪ ಸರ್‌ದು. ಅದರ ಪೂರ್ತಿ ಕೀಲಿಯನ್ನ ಏಜೆಂಟ್‌ಗೆ ಕೊಟ್ಟೇ ಇಲ್ಲ. ಮೂರು ಕಟ್ಟು ಹಾಕಿ ಒಂದು ಸಣ್ಣ ಅನುಮತಿ ಕೊಟ್ಟಿದೀವಿ. ದಿನಕ್ಕೆ ಐವತ್ತು ಸಾವಿರದ ಮೇಲೆ ಕಳಿಸಂಗಿಲ್ಲ. ಪಟ್ಟಿಯಲ್ಲಿರೋ ಆರು ಸಪ್ಲೈಯರ್ ಬಿಟ್ಟು ಬೇರೆ ಯಾರಿಗೂ ಕಳಿಸಂಗಿಲ್ಲ. ತಿಂಗಳ ಕೊನೆಗೆ ಅನುಮತಿ ತಾನೇ ಸಾಯತ್ತೆ, ಮತ್ತೆ ಕೊಡಬೇಕು. ಇದರಲ್ಲಿ ಯಾವುದನ್ನ ಬದಲಾಯಿಸ್ಬೇಕಂದ್ರೂ ಅವರ ಫೋನಲ್ಲಿ ಅವರದೇ ಹೆಬ್ಬೆರಳು ಬೇಕು."

"ಮತ್ತೆ ನಲವತ್ತೊಂದು ಲಕ್ಷ ಹೆಂಗ ಹೋಯ್ತು?"

ಅಭಿಲಾಷ ಪರದೆ ತಿರುಗಿಸಿದ. ನೀತಾ ಸಾಲುಗಳನ್ನು ಬರೆದುಕೊಂಡಳು. 11 ನವೆಂಬರ್, 19.42: ದಿನದ ಮಿತಿ ತೆಗೆಯಲಾಗಿದೆ, ಪಟ್ಟಿಗೆ ಹಣ ಪಡೆಯುವ ಏಳನೆಯ ವಿಳಾಸ ಸೇರಿಸಲಾಗಿದೆ. 19.44: ಇಡೀ ಮೊತ್ತ ಆ ವಿಳಾಸಕ್ಕೆ.

"ಹೆಬ್ಬೆರಳಿನ ಒಪ್ಪಿಗೆ ಬಿದ್ದಿದೆ ಸರ್. ಏಜೆಂಟ್ ಹೇಳಿದಷ್ಟೇ ಮಾಡಿದೆ. ಇದು ಬ್ಲಾಕ್‌ಚೈನ್ ದಾಖಲೆ, ನಾನೂ ಅಳಿಸಕ್ಕಾಗಲ್ಲ."

"ಹಣ ಈಗ ಎಲ್ಲಿದೆ?" ನೀತಾ ಕೇಳಿದಳು.

"ಅಲ್ಲೇ ಇದೆ. ಅದೇ ನಂಗೂ ಅರ್ಥ ಆಗ್ತಿಲ್ಲ. ಕದ್ದವರು ಹತ್ತು ನಿಮಿಷದಲ್ಲಿ ಹತ್ತು ಕಡೆ ಹಂಚಿಬಿಡ್ತಾರೆ. ಇದು ಮೂರು ದಿನದಿಂದ ಅಲ್ಲಾಡಿಲ್ಲ."

"ಮಿತಿ ಬದಲಿಸೋದು ಹೆಂಗ ಅಂತ ಯಾರ‍್ಯಾರಿಗೆ ಗೊತ್ತಿತ್ತು?"

"ಫಕೀರಪ್ಪ ಸರ್‌ಗೆ. ಶಿವಪ್ರಕಾಶ್ ಸರ್‌ಗೂ. ದಸರಾ ಆದ್ಮೇಲೆ ಮೂರು ಸಲ ಕೇಳಿದ್ರು. ಕಲಿಯೋ ಆಸೆ ಅನ್ಕೊಂಡು ಹೇಳ್ಕೊಟ್ಟೆ."

ಮಂಗಳವಾರ ರಾತ್ರಿ ಒಂಬತ್ತರವರೆಗೂ ಅಭಿಲಾಷ ಹಿಂಜವಡಿಯ ಕಚೇರಿಯಲ್ಲೇ ಇದ್ದ ಎಂಬುದು ಹಾಜರಿ ಯಂತ್ರದಿಂದಲೂ ಕ್ಯಾಮೆರಾದಿಂದಲೂ ಸಂಜೆಯೊಳಗೆ ಖಚಿತವಾಯಿತು.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಗಲಗಲಿ, ಭುಜಂಗ, ನೀತಾ ವರ್ಕ್‌ಶಾಪಿಗೆ ಹೋದರು. ಎರಡು ಲೇಥು, ಒಂದು ಮಿಲ್ಲಿಂಗ್ ಯಂತ್ರ, ಹಿಂದೆ ಗಾಜಿನ ಗೋಡೆಯ ಸಣ್ಣ ಆಫೀಸು. ಯಂತ್ರಗಳು ನಿಂತಿದ್ದವು. ಕೂಲಂಟ್ ಎಣ್ಣೆಯ ವಾಸನೆ ಮಾತ್ರ ಇತ್ತು. ಇಬ್ಬರು ಪಂಚರನ್ನು ಕರೆಸಿ ಎರಡನೆಯ ಪಂಚನಾಮೆ ಶುರು ಮಾಡಿದರು.

ಗಂಗೂಬಾಯಿ ಬಾಗಿಲಲ್ಲೇ ನಿಂತು ಮರಾಠಿಯಲ್ಲಿ ಉತ್ತರ ಕೊಟ್ಟಳು.

"ಬುಧವಾರ ಬಂದಾಗ ಮೇಜಿನ ಮೇಲೆ ಏನಿತ್ತು?"

"ಫೋನು. ಕನ್ನಡಕ. ಇರುವೆ."

"ಗ್ಲಾಸು?"

"ಪಾತ್ರೆ ತೊಳೆಯುವ ಮೋರಿಯ ಕಟ್ಟೆ ಮೇಲೆ. ತೊಳೆದು ಬೋರಲು ಹಾಕಿತ್ತು." ಆ ಕಡೆ ಕೈ ತೋರಿಸಿ ಮತ್ತೆ ಹೇಳಿದಳು. "ಯಜಮಾನರು ಹನ್ನೊಂದು ವರ್ಷದಲ್ಲಿ ಒಂದು ಗ್ಲಾಸು ತೊಳೆದದ್ದು ನಾನು ನೋಡಿಲ್ಲ."

ಮೇಜಿನ ಎರಡನೆಯ ಖಾನೆಯಲ್ಲಿ ಸಕ್ಕರೆಯ ಸ್ಟೀಲ್ ಡಬ್ಬಿ, ಚಮಚ, ಕಪ್ಪು ಚೀಲದೊಳಗೆ ರಕ್ತದ ಸಕ್ಕರೆ ನೋಡುವ ಮೀಟರು ಸಿಕ್ಕಿದವು. ನೀತಾ ಕೈಗವಸು ಹಾಕಿಕೊಂಡು ಮೀಟರಿನ ಗುಂಡಿ ಒತ್ತಿದಳು. ಹಳೆಯ ಓದುಗಳು ಒಂದೊಂದಾಗಿ ಬಂದವು. ಕೊನೆಯದು ನವೆಂಬರ್ 11, 19.31. ಮೂವತ್ತೆಂಟು. ಎಪ್ಪತ್ತರ ಕೆಳಗಿಳಿದರೆ ಅಪಾಯ.

ಅವಳು ಹಿಂದಕ್ಕೆ ಹೋದಳು. ಸೆಪ್ಟೆಂಬರ್ 30, ನಲವತ್ಮೂರು. ಇಪ್ಪತ್ತು ನಿಮಿಷದ ಮೇಲೆ ನೂರಾ ಇಪ್ಪತ್ತೊಂದು. ಜೂನ್ 19, ನಲವತ್ತೊಂದು. ಇಪ್ಪತ್ತೆರಡು ನಿಮಿಷದ ಮೇಲೆ ನೂರಾ ಇಪ್ಪತ್ತಾರು. ಅಂಥವು ನಾಲ್ಕು ಜೋಡಿಗಳಿದ್ದವು. ನವೆಂಬರ್ 11ರ ಮೂವತ್ತೆಂಟಕ್ಕೆ ಜೋಡಿ ಇರಲಿಲ್ಲ.

"ಇದರ ಗಡಿಯಾರ ಸರಿ ಅದನೋ ನೋಡು," ಎಂದರು ಗಲಗಲಿ.

ಎರಡು ನಿಮಿಷ ಹಿಂದಿತ್ತು. ಅಂದರೆ ಬೆರಳು ಚುಚ್ಚಿದ್ದು ಏಳು ಮೂವತ್ಮೂರಕ್ಕೆ. ಮಿತಿ ತೆಗೆದದ್ದು ಏಳು ನಲವತ್ತೆರಡಕ್ಕೆ. ನಡುವೆ ಒಂಬತ್ತು ನಿಮಿಷ. ಭುಜಂಗ ಎರಡೂ ಸಮಯಗಳನ್ನು ಒಂದರ ಕೆಳಗೊಂದು ಬರೆದು, ಪಂಚರ ಸಹಿ ಹಾಕಿಸಿದ.

ಗಲಗಲಿ ತ್ರಿವೇಣಿಯವರಿಗೆ ಫೋನ್ ಮಾಡಿದರು.

"ಅಕ್ಕಾರ, ವರ್ಕ್‌ಶಾಪಿನ್ಯಾಗ ನಿಮ್ಮ ಯಜಮಾನ್ರ ಸಕ್ಕರಿ ಇಳಿದ್ರ ಯಾರು ನೋಡ್ಕೋತಿದ್ರು?"

"ಶಿವಪ್ರಕಾಶವರು. ಮುಖ ನೋಡೇ ಹೇಳ್ತಿದ್ರು. ಬೆರಳು ಚುಚ್ಚಿ ನೋಡಿ ಸಕ್ಕರಿ ನೀರು ಕುಡಸ್ತಿದ್ರು. ನಾಲ್ಕು ಸಲ ಉಳಿಸ್ಯಾರ ನೋಡ್ರಿ. ಯಾಕ್ರಿ?"

"ಸುಮ್ನ ಕೇಳಿದೆ," ಎಂದು ಅವರು ಫೋನ್ ಇಟ್ಟರು.

ಎದುರಿನ ಕಾರ್ಖಾನೆಯ ಗೇಟಿನ ಕ್ಯಾಮೆರಾ ರಸ್ತೆಯನ್ನೂ ತೋರಿಸುತ್ತಿತ್ತು. ಮಂಗಳವಾರದ ಚಿತ್ರದಲ್ಲಿ ಕಾರ್ಮಿಕರು ಆರಕ್ಕೆ ಹೊರಟರು. ಆರೂವರೆಗೆ ಯಾರೂ ಹೊರಡಲಿಲ್ಲ. ಎಂಟು ಗಂಟೆ ಆರು ನಿಮಿಷಕ್ಕೆ ಒಂದು ಬೂದು ಬಣ್ಣದ ಸ್ಕೂಟರ್ ಹೊರಬಂತು. ನಂಬರು ಶಿವಪ್ರಕಾಶ ಯಲಿಗಾರ ಅವರದು.

ಭಾನುವಾರ ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡಿದ್ದ ಡಾ. ಅಪೇಕ್ಷಾ ಶೆಣೈ ಸಿಕ್ಕರು. ಅವರು ಕುಂದಾಪುರದವರು. ಪ್ರಯೋಗಾಲಯದವರು ಫೋನಿನಲ್ಲಿ ಹೇಳಿದ್ದನ್ನು ಕಾಗದದಲ್ಲಿ ಗುರುತು ಹಾಕಿಟ್ಟುಕೊಂಡಿದ್ದರು.

"ಅದು ವಾಂತಿ ಅಲ್ಲ. ಸಕ್ಕರೆ ನೀರು. ಶ್ವಾಸಕೋಶದಲ್ಲಿ ತುಂಬ ಇತ್ತು."

"ಮೂವತ್ತೆಂಟಕ್ಕ ಇಳಿದ ಮನುಷ್ಯ ತಾನಾಗಿ ಫೋನ್ ನಡಸಬಹುದೇನು? ಹೊಸ ವಿಳಾಸ ಸೇರಸೋದು, ಮಿತಿ ತೆಗಿಯೋದು?"

"ಕಷ್ಟ. ಆ ಹೊತ್ತಿಗೆ ಮಾತು ತೊದಲ್ತದೆ, ಕೂತಲ್ಲೇ ಜೋಲ್ತಾರೆ. ಆದ್ರೆ ನುಂಗ್ಲಿಕ್ಕೆ ಆಗ್ತದೆ. ಆಗಲೇ ಕುಡಿಸಿದ್ರೆ ಕಾಲು ಗಂಟೆಯಲ್ಲಿ ಎದ್ದು ಕೂರ್ತಾರೆ."

"ಹತ್ತು ನಿಮಿಷ ತಡಾ ಮಾಡಿದ್ರ?"

"ಪೂರ್ತಿ ಎಚ್ಚರ ತಪ್ಪಬಹುದು. ಆಮೇಲೆ ಬಾಯಿಗೆ ಏನೂ ಹಾಕ್ಬಾರ್ದು, ಆಂಬುಲೆನ್ಸ್ ಕರೀಬೇಕು. ಹಾಕಿದ್ರೆ ಹೊಟ್ಟೆಗೆ ಹೋಗುದಿಲ್ಲ, ಶ್ವಾಸಕ್ಕೆ ಹೋಗ್ತದೆ." ಅವರು ಕನ್ನಡಕ ತೆಗೆದು ಒರೆಸಿದರು. "ಇವರಿಗೆ ಹಾಗೇ ಆದದ್ದು. ಕುಡಿಸಿದವರು ತಡವಾಗಿ ಕುಡಿಸಿದ್ದಾರೆ."

ಸೋಮವಾರ, ನವೆಂಬರ್ 17. ಬೆಳಿಗ್ಗೆ ಹನ್ನೊಂದಕ್ಕೆ ಶಿವಪ್ರಕಾಶ ನೋಟಿಸಿನಂತೆ ಠಾಣೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಗಲಗಲಿ ಎದುರಿನ ಕುರ್ಚಿ ತೋರಿಸಿದರು. ಭುಜಂಗ ಬಾಗಿಲ ಬಳಿ ನಿಂತ.

"ಮಂಗಳವಾರ ಎಷ್ಟಕ್ಕ ಹೊಂಟ್ರಿ?"

"ಆರೂವರಿಗೆ. ಹೇಳಿದ್ದೆನಲ್ರಿ."

"ಸ್ಕೂಟರ್ ಯಾರಿಗರ ಕೊಟ್ಟಿದ್ರೇನು?"

"ಇಲ್ಲ."

ಗಲಗಲಿ ಕ್ಯಾಮೆರಾದ ಚಿತ್ರ ಮುಂದಿಟ್ಟರು. ಅದರ ಪಕ್ಕಕ್ಕೆ ಮೀಟರಿನ ಫೋಟೋ. ಅದರ ಪಕ್ಕಕ್ಕೆ ನೀತಾ ಬರೆದ ಎರಡು ಸಾಲು. ಶಿವಪ್ರಕಾಶ ಮೂರನ್ನೂ ಅನುಕ್ರಮವಾಗಿ ನೋಡಿದರು. ಮೀಟರಿನ ಫೋಟೋದ ಬಳಿ ಅವರ ಕಣ್ಣು ಬಹಳ ಹೊತ್ತು ನಿಂತಿತು.

"ಅವರ ಬೆರಳು ಚುಚ್ಚಿದವರು ಯಾರು?"

ಶಿವಪ್ರಕಾಶ ಫೋಟೋವನ್ನು ಮೇಜಿನ ಅಂಚಿಗೆ ನೇರವಾಗಿ ಹೊಂದಿಸಿಟ್ಟರು.

"ಯಲಿಗಾರ್, ಕದಿಯಾಕ ಬಂದವ ಸಕ್ಕರಿ ನೋಡಂಗಿಲ್ಲ. ಯಾರು ಚುಚ್ಚಿದ್ರು?"

"ನಾನ," ಎಂದರು ಶಿವಪ್ರಕಾಶ. "ನಾ ಚುಚ್ಚಿದೆ."

"ಮೀಟರ್ ನೋಡಿದ ಮ್ಯಾಲೆ?"

"ಸಕ್ಕರಿ ನೀರು ಕಲಸಿದೆ. ಮೂರು ಚಮಚ. ಯಾವಾಗ್ಲೂ ಅಷ್ಟ ಹಾಕೋದು. ಮಧ್ಯಾಹ್ನ ಮನಿ ಡಬ್ಬಿ ಬಂದಿರಲಿಲ್ಲ, ಉಣ್ಣದ ಇನ್ಸುಲಿನ್ ತಗೊಂಡಿದ್ರು. ಬೈದೆ ಕೂಡ. ಗ್ಲಾಸ್ ಹಿಡಕೊಂಡು ಹತ್ತಿರ ಹೋದೆ. ಅವರು ನನ್ನ ಕಡೆ ನೋಡಿದ್ರು, ಗುರುತ ಹತ್ತಲಿಲ್ಲ. ಬಲಗೈ ಮೇಜಿನ ಮ್ಯಾಲೆ ಇತ್ತು. ಅದರ ಮಗ್ಗಲಿಗೆ ಫೋನ್ ಇತ್ತು."

ಗಲಗಲಿ ನೀತಾ ಬರೆದ ಎರಡು ಸಾಲನ್ನು ಅವರ ಕಡೆ ಸರಿಸಿದರು.

"ಗ್ಲಾಸ್ ಕೆಳಗಿಟ್ಟೆ," ಎಂದರು ಶಿವಪ್ರಕಾಶ.

"ಏಳನೇ ವಿಳಾಸ?"

"ಒಂದೂವರಿ ತಿಂಗಳಿಂದ ನನ್ನ ಹಳೇ ಫೋನಿನ್ಯಾಗ ಇತ್ತು. ಅದೇ ಹುಡುಗನ್ನ ಕೇಳಿ ಕಲ್ತಿದ್ದೆ. ಮಿತಿ ತೆಗಿಬೇಕು, ಹೆಸರು ಸೇರಸ್ಬೇಕು, ಹೆಬ್ಬೆಟ್ಟು ಇಡಸ್ಬೇಕು. ಎರಡು ನಿಮಿಷದ ಕೆಲಸ ಅಂದ್ಕೊಂಡೆ. ಎರಡು ಸಲ ತಪ್ಪಿತು."

"ಆಮ್ಯಾಲೆ?"

"ಆಮ್ಯಾಲೆ ಕುಡಸಾಕ ಹೋದೆ. ನುಂಗಲಿಲ್ಲ. ನೀರು ಹೊರಗ ಬಂತು. ಗದ್ದ ಎತ್ತಿ ಮತ್ತ ಹಾಕಿದೆ. ಗೊರಗೊರ ಅಂದ್ರು."

"ಫೋನ್ ಇತ್ತಲ್ಲ ಕೈಯಾಗ. ಆಂಬುಲೆನ್ಸಿಗೆ ಯಾಕ ಮಾಡಲಿಲ್ಲ?"

ಶಿವಪ್ರಕಾಶ ತಲೆ ಎತ್ತಿದರು.

"ಎಚ್ಚರಾದ್ರ ನೋಡ್ತಾರಲ್ರಿ. ಏನು ಮಾಡೀನಿ ಅಂತ."

ಹೇಳಿಕೆಯನ್ನು ಭುಜಂಗ ಬರೆದುಕೊಂಡ. ಪೊಲೀಸರ ಮುಂದೆ ಹೇಳಿದ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಮಧ್ಯಾಹ್ನ ಒಂದಕ್ಕೆ ಪಂಚರೊಂದಿಗೆ ತಳೇಗಾಂವ ದಾಭಾಡೆಯ ಅವರ ಮನೆಗೆ ಹೋದರು. ಎರಡು ಕೋಣೆಯ ಫ್ಲ್ಯಾಟು. ಕಪಾಟಿನ ಮೇಲಿನ ಅರೆಯಲ್ಲಿ ಮುಗಿದ ಚೆಕ್ ಬುಕ್ಕುಗಳ ಅಡಿಪಟ್ಟಿಗಳನ್ನು ವರ್ಷವಾರು ದಾರ ಕಟ್ಟಿ ಜೋಡಿಸಿತ್ತು. 1999ರಿಂದ 2025ರ ಜೂನ್‌ವರೆಗೆ. ಕೊನೆಯ ಕಟ್ಟಿನ ಹಿಂದಿನಿಂದ ಶಿವಪ್ರಕಾಶ ತಾವೇ ಹಳೆಯ ಫೋನ್ ತೆಗೆದುಕೊಟ್ಟರು. ನೀತಾ ಅದನ್ನು ತೆರೆದು ನೋಡಿದಳು. ಏಳನೆಯ ವಿಳಾಸ ಅದರಲ್ಲಿದ್ದ ಖಾತೆಯದೇ. ನಲವತ್ತೊಂದು ಲಕ್ಷ ಹಾಗೆಯೇ ಇತ್ತು, ಒಂದು ಪೈಸೆ ಕದಲಿರಲಿಲ್ಲ.

"ಖರ್ಚು ಮಾಡೋದಿರಲಿಲ್ಲ ಅಂದ್ರ ತಗೊಂಡದ್ದು ಯಾಕ?" ಜೀಪಿನಲ್ಲಿ ಗಲಗಲಿ ಕೇಳಿದರು.

ಶಿವಪ್ರಕಾಶ ಕಿಟಕಿಯಾಚೆ ನೋಡುತ್ತ ಮಾತಾಡಿದರು.

"ಬೆಳಿಗ್ಗೆ ಎದ್ದು ನೋಡ್ತಾರ, ಗಾಬರಿ ಆಗ್ತಾರ, ನನ್ನ ಕರೀತಾರ ಅಂತ. ನಾ ಹೇಳಿದ್ದೆನಲ್ಲ, ಯಂತ್ರ ನಂಬಬ್ಯಾಡ್ರಿ ಅಂತ ಅನ್ನೋದಿತ್ತು. ಎರಡು ದಿವಸ ಬಿಟ್ಟು ಹೊಳ್ಳಿ ಹಾಕೋದಿತ್ತು. ಹೆಂಗ ಅಂತ ವಿಚಾರ ಮಾಡಿರಲಿಲ್ಲ." ಜೀಪು ಹೆದ್ದಾರಿಗೆ ಹೊರಳಿದ ಮೇಲೆ ಮತ್ತೆ ಹೇಳಿದರು. "ಇಪ್ಪತ್ತಾರು ವರ್ಷ ಖಾಲಿ ಚೆಕ್ಕಿನ ಮ್ಯಾಲೆ ನನ್ನ ಸಹಿ ಇರ್ತಿತ್ತು, ಸಾಹೇಬ್ರ. ಒಂದು ಸಲನೂ ತಪ್ಪಿಲ್ಲ. ಆ ಯಂತ್ರಕ್ಕ ದಿನಕ್ಕ ಐವತ್ತು ಸಾವಿರದ ಮಿತಿ ಹಾಕಿದ್ರು. ನನಗೂ ಅಷ್ಟ ಹಾಕಿದ್ರ ನಡೀತಿತ್ತು. ನನ್ನ ಪೂರಾ ತೆಗೆದುಬಿಟ್ರು. ಪಗಾರ ಕೊಡ್ತಿದ್ರು. ದಿನಾ ಬಂದು ಕುರ್ಚಿ ಮ್ಯಾಲೆ ಕೂಡೋದು, ಐದು ತಿಂಗಳು."

ಸಂಜೆ ನಾಲ್ಕೂವರೆಗೆ ಬಂಧನ ದಾಖಲಾಯಿತು. ನೌಕರನಿಂದ ಕಳವು, ಇನ್ನೊಬ್ಬರ ಬೆರಳ ಗುರುತಿನ ದುರ್ಬಳಕೆ, ಕೊಲೆಯಲ್ಲದ ದಂಡನೀಯ ನರಹತ್ಯೆ. ಸಹಿ ಮಾಡುವ ಮುಂಚೆ ಶಿವಪ್ರಕಾಶ ಬಂಧನದ ಪತ್ರವನ್ನು ಪೂರ್ತಿ ಓದಿ, ತಂದೆಯ ಹೆಸರಿನಲ್ಲಿದ್ದ ಒಂದು ಕಾಗುಣಿತದ ತಪ್ಪು ತೋರಿಸಿದರು. ಭುಜಂಗ ತಿದ್ದಿದ. ತ್ರಿವೇಣಿಯವರಿಗೆ ಗಲಗಲಿ ತಾವೇ ಹೋಗಿ ತಿಳಿಸಿದರು. ಅವರು ಅಳಲಿಲ್ಲ. "ಅವರು ಮಣ್ಣಿಗೆ ಬಂದಿದ್ರು. ಹೆಗಲು ಕೊಟ್ಟಿದ್ರು," ಎಂದಷ್ಟೇ ಹೇಳಿ ಒಳಗೆ ಹೋದರು.

ಮೂರು ದಿನ ಬಿಟ್ಟು ಅಭಿಲಾಷ ಪೂರಕ ಹೇಳಿಕೆ ಕೊಡಲು ಬಂದ. ಕೈಯಲ್ಲಿ ಒಂದು ಮೆಸೇಜಿನ ಪ್ರಿಂಟ್ ಇತ್ತು. ನವೆಂಬರ್ 8ರಂದು ಫಕೀರಪ್ಪ ಕಳಿಸಿದ್ದು.

"ಇದನ್ನ ಕೊಡ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ ಸರ್."

ಗಲಗಲಿ ಓದಿದರು. 'ಇನ್ನು ಮ್ಯಾಲೆ ಮಿತಿ ಬದಲಿ ಮಾಡಬೇಕಂದ್ರ ಎರಡು ಹೆಬ್ಬೆಟ್ಟು ಬೇಕು ಅಂತ ಮಾಡು. ಎರಡನೇದು ಶಿವಪ್ರಕಾಶಂದು. ಸಕ್ಕರಿ ಇಳಿದಾಗ ನನ್ನ ತಲಿ ಓಡಂಗಿಲ್ಲ. ಅಂವ ಕೂಡ ಒಪ್ಪಿದ್ರ ಮಾತ್ರ ಆಗಬೇಕು. ಅಂವಗ ಈಗ ಹೇಳಬ್ಯಾಡ, ತಯಾರಾದ ಮ್ಯಾಲೆ ನಾ ಹೇಳ್ತೀನಿ.'

"ಹದಿನೈದಕ್ಕೆ ಹಾಕ್ಕೊಡ್ತೀನಿ ಅಂದಿದ್ದೆ. ಆಫೀಸ್ ಕೆಲಸ ಇತ್ತು. ಇಲ್ಲಾಂದ್ರೆ ಅವತ್ತೇ ಹಾಕ್ಬೋದಿತ್ತು," ಎಂದ ಅಭಿಲಾಷ.

ಅವನು ಹೋದ ಮೇಲೆ ಭುಜಂಗ ಪ್ರಿಂಟನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.

"ಇದನ್ನು ಸೇರಿಸಲೇಬೇಕೇ ಸಾಹೇಬ?"

"ಸೇರಿಸಬೇಕು. ದಾಖಲೆ ಅದು."

ಜನವರಿ 9ರಂದು ಆರೋಪಪಟ್ಟಿ ಸಲ್ಲಿಕೆಯಾಯಿತು. ಇನ್ನೂರ ಹನ್ನೆರಡು ಪುಟ. ಕಾನೂನಿನ ಪ್ರಕಾರ ಆರೋಪಿಗೆ ಒಂದು ಪ್ರತಿ ಕೊಡಬೇಕು. ಮುಂದಿನ ತಾರೀಖಿಗೆ ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಕುಳಿತು ಶಿವಪ್ರಕಾಶ ಅದನ್ನು ಮೊದಲ ಪುಟದಿಂದ ಓದತೊಡಗಿದರು. ವಕೀಲರು ಬಂದು ಮಾತಾಡಿಸಿದರೂ ಬೆರಳನ್ನು ಸಾಲಿನಿಂದ ಎತ್ತಲಿಲ್ಲ. ಗಲಗಲಿ ತುಸು ದೂರದಲ್ಲಿ ಇನ್ನೊಂದು ಪ್ರಕರಣದ ಕೂಗಿಗೆ ಕಾಯುತ್ತಿದ್ದರು.

ಒಂದು ಗಂಟೆ ಕಳೆದಿರಬೇಕು. ಶಿವಪ್ರಕಾಶ ಫಕೀರಪ್ಪನವರ ಮೆಸೇಜಿನ ಪುಟದ ಮೇಲೆ ಬೆರಳಿಟ್ಟು, ತಲೆ ಎತ್ತಿ ಗಲಗಲಿಯವರನ್ನು ಕರೆದರು.

"ಸಾಹೇಬ್ರ, ನವೆಂಬರ್ ಎಂಟು ಯಾವ ವಾರರಿ?"

"ಶನಿವಾರ."

"ಶನಿವಾರ," ಎಂದರು ಶಿವಪ್ರಕಾಶ. "ಅವತ್ತ ಇಬ್ರೂ ಕೂಡೇ ಊಟ ಮಾಡಿದ್ವಿ. ಅವರ ಡಬ್ಬಿಯೊಳಗಿನ ಬದನಿಕಾಯಿ ಪಲ್ಯ ನನಗ ಹಾಕಿದ್ರು. ಏನೂ ಅನ್ನಲಿಲ್ಲ."